ಕೊಬ್ಬಿದ ಸೊಪ್ಪು

ಬಿತ್ತದೆ, ನೀರುಣಿಸದೆ ತಾನಾಗಿ ಬೆಳೆಯುವ ಸೊಪ್ಪನ್ನು ತನ್ನಷ್ಟು ಬಲ್ಲವರು ಆ ಬೀದಿಯಲ್ಲಿ ಇನ್ನಾರೂ ಇಲ್ಲವೆಂದು ಸೊಪ್ಪಜ್ಜಿಗೆ ಜಂಬ. ಜಂಬಕ್ಕೆ ಆಧಾರವೂ ಇತ್ತೆನ್ನಿ. ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ಹಿಂದಿನ ಬಯಲಲ್ಲಿ ಯಾವ ಕುಡಿ ಎಲ್ಲಿ ಚಿಗುರುತ್ತದೆಂದು ಕಣ್ಣುಮುಚ್ಚಿ ಹೇಳುತ್ತಿದ್ದಳು.

ಬಯಲಿನ ಒಂದು ಬದಿಯಲ್ಲಿ ಗೋಡೆಗೆ ಸುಣ್ಣ ಬಳಿಯುವವರು ಉಳಿದ ಸುಣ್ಣ ಸುರಿಯುತ್ತಿದ್ದರು. ಅಲ್ಲಿಯ ಸೊಪ್ಪು ಗಿಡ್ಡ, ಹಳದಿ, ನೋಡಿದರೆ ಅಯ್ಯೋ ಪಾಪ ಅನ್ನಿಸಬೇಕು. ಇನ್ನೊಂದು ಬದಿ ತಗ್ಗು. ಹಿಂದೆ ಕಾರ್ಖಾನೆಯ ಆಸಿಡ್ ನೀರು ಹರಿದ ಜಾಗ. ತೇವ ಆರದ ಆ ಮರಳುಮಣ್ಣಿನಲ್ಲಿ ಎಲೆ ಅಂಗೈಯಗಲ. ಅಜ್ಜಿ ಹಳದಿ ಸೊಪ್ಪನ್ನು ಕಟ್ಟು ಕಟ್ಟಿ ಬೀದಿಯಲ್ಲಿ ಮಾರುತ್ತಿದ್ದಳು, ಕೊಬ್ಬಿದ್ದನ್ನು ಸೆರಗಿನಲ್ಲಿ ಮುಚ್ಚಿ ಮನೆಗೆ ತರುತ್ತಿದ್ದಳು. ತಿನ್ನುವವಳು ತಾಯಿಯಿಲ್ಲದ ಮೊಮ್ಮಗಳು ತಾನೆ! ಇದನ್ನು ಮೋಸ ಎನ್ನುವವರು ಮೊಮ್ಮಕ್ಕಳನ್ನು ಸಾಕಿರಲಾರರು.

"ಬಾಯಿ ತೆಗಿ, ಮಹಾರಾಣಿ."

"ಇನ್ನೂ ಹಾಕಜ್ಜಿ."

ಬರಬರುತ್ತ ಮಗುವಿಗೆ ಹೊಟ್ಟೆನೋವು ಹತ್ತಿತು. ಪಟಪಟ ಹೇಳುತ್ತಿದ್ದ ಪದ್ಯಗಳೆಲ್ಲ ಮರೆತುಹೋದವು. "ಸೋಮಾರಿ!" ಎಂದು ಅಜ್ಜಿ ಗದರಿದಳು, ಬುದ್ಧಿ ಚುರುಕಾಗಲೆಂದು ಇನ್ನೊಂದು ಹಿಡಿ ಸೊಪ್ಪು ಹೆಚ್ಚಿಗೆ ಬೇಯಿಸಿದಳು.

ಕೊನೆಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು: ಮಗುವಿನ ರಕ್ತದಲ್ಲಿ ಸೀಸ, ಬ್ಯಾಟರಿಗೆ ಹಾಕುವ ವಿಷಲೋಹ. ಬೀದಿಯ ಮಕ್ಕಳೆಲ್ಲರ ರಕ್ತ ನೋಡಿದರು. ಮಣ್ಣು ಪರೀಕ್ಷೆಯ ಹುಡುಗಿಯೊಬ್ಬಳು ಬಯಲಿನ ಎರಡೂ ಬದಿಯಿಂದ ಮಣ್ಣು, ಸೊಪ್ಪು ಒಯ್ದಳು. ಮತ್ತೆ ಬಂದಾಗ ಅಜ್ಜಿಯ ಪಕ್ಕದಲ್ಲೇ ಹೊಸ್ತಿಲ ಮೇಲೆ ಕುಳಿತಳು.

"ಸೀಸ ಎರಡೂ ಕಡೆ ಅಷ್ಟೇ ಇದೆ ಅಜ್ಜಿ. ಸುಣ್ಣ ಇರೋ ಮಣ್ಣು ಅದನ್ನ ಹಿಡ್ಕೊಂಡ್ಬಿಡುತ್ತೆ, ಗಿಡಕ್ಕೆ ಜಾಸ್ತಿ ಬಿಡಲ್ಲ. ಆಸಿಡ್ ಕುಡಿದ ಹುಳಿಮಣ್ಣು ಬಿಟ್ಕೊಡುತ್ತೆ. ಬೇರು ನೀರಿನ ಜೊತೆ ಎಳ್ಕೊಳ್ಳುತ್ತೆ."

"ಬೀದಿ ಮಕ್ಕಳು?"

"ಅವ್ರಲ್ಲಿ ಅಷ್ಟೊಂದಿಲ್ಲ. ಆದ್ರೂ ಇನ್ಮೇಲೆ ಯಾವ ಕಡೇದೂ ಕೀಳ್ಬೇಡಿ."

"ನನ್ನ ಮಗೂಗೆ... ಮರೆತಿದ್ದು ವಾಪಸ್ ಬರುತ್ತಾ?"

"ಔಷಧಿ ಕೊಡ್ತಾರೆ," ಎಂದಳು ಹುಡುಗಿ, ಚೀಲ ಎತ್ತಿಕೊಳ್ಳುತ್ತ. ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಅಜ್ಜಿಗೂ ತಿಳಿಯಿತು.

ಕಂಡವರ ಮಕ್ಕಳಿಗೆ ಕಳಪೆ ಕೊಟ್ಟಳು, ಅವು ಬಚಾವಾದವು. ತನ್ನ ಕುಡಿಗೆ ಆರಿಸಿ ಆರಿಸಿ, ಕೈಯಾರೆ ವಿಷ ಉಣಿಸಿದಳು. ಅಜ್ಜಿ ಹಣೆ ಚಚ್ಚಿಕೊಂಡಳು. ಎದೆಯ ಉರಿ ಅದರಿಂದೇನೂ ಆರಲಿಲ್ಲ.

ಅಂದು ಊಟಕ್ಕೆ ಬರೀ ಅನ್ನ, ಸಾರು. ಮಗು ತಟ್ಟೆ ನೋಡಿ, ಅಜ್ಜಿಯ ಮುಖ ನೋಡಿತು.

"ಸೊಪ್ಪು?"

"ಇನ್ಮೇಲೆ ಇಲ್ಲ ಕಂದಾ."

ಮಗುವಿನ ಮುಖ ಸಪ್ಪಗಾಯಿತು. ಅನ್ನ ಕಲಸುತ್ತ ಮೆಲ್ಲಗೆ ಕೇಳಿತು:

"ಪದ್ಯ ಎಲ್ಲಾ ಕಲ್ತು ಹೇಳ್ತೀನಿ ಅಜ್ಜಿ. ಆಗ ಹಾಕ್ತೀಯಾ?"