ಜಬ್ಬಾರ್ ಭಾಯ್ ಕಿವಿಗೆ ಏನೂ ಆಗಿರಲಿಲ್ಲ

ನಿಮ್ಮ ಗಿಟಾರಿನ ಆ ಪೆಡಲ್ಲನ್ನು ಸುಟ್ಟವನು ನಾನು, ಜಬ್ಬಾರ್ ಭಾಯ್. ಸುಟ್ಟದ್ದನ್ನು ಮುಚ್ಚಿಕೊಳ್ಳಲು ನಿಮ್ಮ ಕಿವಿ ಮಂದವಾಗಿದೆ ಎಂದು ಹೇಳಿದವನೂ ನಾನೇ. ಇಪ್ಪತ್ತು ವರ್ಷ ಆಗುತ್ತಾ ಬಂತು. ನೀವು ಅದನ್ನು ನಂಬಿದಿರಿ — ಹೇಳಿದವನು ನಾನು ಎಂಬ ಒಂದೇ ಕಾರಣಕ್ಕೆ.

ರಾಮನಗರದಲ್ಲಿ ನನ್ನ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲ ಅದು. ಕೂಟಗಲ್ಲು ಹಳ್ಳಿಯಿಂದ ಬಂದು ಅಂಗಡಿ ಹಾಕಿದ್ದ ನನಗೆ ಕೈಚಳಕ ಎಷ್ಟಿತ್ತೋ, ಜಂಬ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ನೀವು ರೇಷ್ಮೆ ನೂಲು ತೆಗೆಯುವವರು. ಮದುವೆಯೋ ಗಣೇಶನ ಪೆಂಡಾಲೋ ಬಂದರೆ ಆರ್ಕೆಸ್ಟ್ರಾದ ಗಿಟಾರ್ ನಿಮ್ಮದು. ಆ ಪೆಡಲ್ ನಿಮಗೆ ಗಿಟಾರ್ ಕಲಿಸಿದ ಬೆಂಗಳೂರಿನ ಮೇಷ್ಟರು ಸಾಯುವ ಮುಂಚೆ ಕೊಟ್ಟದ್ದು. ಕಬ್ಬಿಣದ ಡಬ್ಬಿ, ನನಗಿಂತ ವಯಸ್ಸಾದದ್ದು. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಒರಟಾಗಿ, ತುಂಬಿಕೊಂಡು, ಅಳುವವರ ಗಂಟಲಿನ ಹಾಗೆ ಆಗುತ್ತಿತ್ತು. ನುಡಿಸುವಾಗ ಮಧ್ಯೆ ಮಧ್ಯೆ ದನಿ ಕಡಿಯುತ್ತದೆ ಎಂದು ನನ್ನ ಹತ್ತಿರ ತಂದಿರಿ.

ಬಿಚ್ಚಿ ನೋಡಿದರೆ ಏನೂ ಇಲ್ಲ — ಗಿಟಾರಿನ ಪಿನ್ನು ಸಿಕ್ಕಿಸುವ ಜ್ಯಾಕಿನ ಹತ್ತಿರ ಒಂದು ವೈರು ಬಿಟ್ಟುಕೊಂಡಿತ್ತು. ಒಂದು ಚುಕ್ಕೆ ಸೀಸದ ಬೆಸುಗೆ ಇಟ್ಟರೆ ಕೆಲಸ ಮುಗಿಯಿತು. ಇಟ್ಟೆ. ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ಆದರೆ ಬ್ಯಾಟರಿಯ ಕೆಂಪು ವೈರು ಡಬ್ಬಿಯ ಮೈಗೇ ಬೆಸೆದುಕೊಂಡಿರುವುದು ಕಣ್ಣಿಗೆ ಬಿತ್ತು. ಮೈಗೆ ಬರಬೇಕಾದದ್ದು ಕಪ್ಪು, ಮೈನಸ್ಸು. ಯಾವನೋ ಅರೆಬೆಂದವನು ತಿರುಗಾಮುರುಗಾ ಮಾಡಿದ್ದಾನೆ ಎಂದು ನಗು ಬಂತು. ಎರಡನ್ನೂ ಅದಲು ಬದಲು ಮಾಡಿ, ಬ್ಯಾಟರಿಯ ಬದಲು ಎಲಿಮಿನೇಟರಿನಿಂದ ಕರೆಂಟು ಕೊಟ್ಟೆ.

ಬೆರಳಿಟ್ಟಾಗ ಎರಡು ಟ್ರಾನ್ಸಿಸ್ಟರುಗಳೂ ಸುಡುತ್ತಿದ್ದವು. ಅಷ್ಟರಲ್ಲಿ ಸತ್ತೂ ಹೋಗಿದ್ದವು. ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಕಾಲದ ಎಷ್ಟೋ ಡಬ್ಬಿಗಳಲ್ಲಿ ಪ್ಲಸ್ಸೇ ಮೈಗೆ ಬರುವುದು — ಹಳೇ ರೇಡಿಯೋಗಳಲ್ಲೂ ಹಾಗೇ ಇರುತ್ತಿತ್ತು, ನನಗೆ ಕೆಲಸ ಕಲಿಸಿದವರು ತೋರಿಸಿಯೂ ಇದ್ದರು. ಹೊಸ ಆಂಪ್ಲಿಫೈಯರುಗಳನ್ನೇ ಬಿಚ್ಚಿ ಬಿಚ್ಚಿ ನಾನು ಅದನ್ನು ಮರೆತಿದ್ದೆ. ಗೊತ್ತಿಲ್ಲದ್ದಕ್ಕೆ ಆದ ತಪ್ಪಲ್ಲ ಅದು — ಗೊತ್ತಿದ್ದದ್ದನ್ನು ನೆನೆಸಿಕೊಳ್ಳುವಷ್ಟೂ ತಾಳ್ಮೆ ಇಲ್ಲದ್ದಕ್ಕೆ ಆದದ್ದು.

ಡ್ರಾಯರಿನಲ್ಲಿದ್ದ ಈಗಿನ ಕಾಲದ ಸಿಲಿಕಾನ್ ಟ್ರಾನ್ಸಿಸ್ಟರು ಎರಡು ಹಾಕಿ, ಅದಕ್ಕೆ ತಕ್ಕಂತೆ ಒಂದಿಷ್ಟು ಬದಲಾಯಿಸಿ, ದನಿ ಬರುವ ಹಾಗೆ ಮಾಡಿದೆ. ತೆಗೆದ ಪಾರ್ಟನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೆ ಕೊಡುವುದು ನಮ್ಮ ಅಂಗಡಿಯ ಪದ್ಧತಿ — ಮೋಸ ಇಲ್ಲ ಎನ್ನುವುದಕ್ಕೆ. ಅದೊಂದು ಸಲ ಕೊಡಲಿಲ್ಲ. ನೀವೂ ಕೇಳಲಿಲ್ಲ.

ಒಂದು ವಾರಕ್ಕೆ ಮತ್ತೆ ಬಂದಿರಿ, ಜೊತೆಗೆ ನಿಮ್ಮ ತಮ್ಮ ಸಲೀಮ್. ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಹಳ ಮೆಲ್ಲಗೆ ಹೇಳಿದಿರಿ: "ಸಿವಣ್ಣ, ಇದು ಅದಲ್ಲ ಕಣಪ್ಪ. ಏನೋ ತಗಡು ಬಡ್ದಂಗೈತೆ."

ನಿಮ್ಮ ಮಾತು ನೂರಕ್ಕೆ ನೂರು ಸರಿ. ಆರ್ಕೆಸ್ಟ್ರಾದಲ್ಲಿ ಇನ್ಯಾರಿಗೂ ತಿಳಿಯದ ವ್ಯತ್ಯಾಸ ನಿಮಗೆ ತಿಳಿದಿತ್ತು. ಆಗ ಹೇಳಬಹುದಿತ್ತು — ಬಾಯಿಯವರೆಗೂ ಬಂದಿತ್ತು. ಸಲೀಮ್ ನೋಡುತ್ತಾ ನಿಂತಿದ್ದ. ಊರಲ್ಲೆಲ್ಲ ಹೇಳಿಬಿಡುತ್ತಾನೆ ಅನಿಸಿತು. ಆ ವರ್ಷವೇ ನಿಮ್ಮ ನೂಲು ತೆಗೆಯುವ ಮನೆಗೆ ಮೋಟಾರಿನ ಹೊಸ ಮಿಷಿನ್ ಬಂದಿತ್ತು, ದಿನವಿಡೀ ಗಡಗಡ. ಅದು ನೆನಪಾಗಿದ್ದೇ ತಡ, ನಾಲಿಗೆ ತಾನೇ ಹೊರಳಿತು.

"ಪೆಡಲ್ಲು ಸರ್ಯಾಗೈತೆ ಭಾಯ್. ಮಿಷಿನ್ ಸದ್ದಿಗೆ ನಿಮ್ಮ ಕಿವಿ ಒಸಿ ಮಂದ ಆಗೈತೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲಕ್ಕಾದರೆ ನೋವಾಗುವುದಿಲ್ಲ. ನೀವು ಕಿವಿಯನ್ನೊಮ್ಮೆ ಮುಟ್ಟಿಕೊಂಡು, ಇರಬಹುದು ಎಂದು ಡಬ್ಬಿ ಎತ್ತಿಕೊಂಡು ಹೋದಿರಿ.

ಗಿಟಾರ್ ಬಿಟ್ಟಿರಿ ಎಂದು ಕೇಳಿದಾಗ ಬೇಜಾರಾಯಿತು, ನಿಜ. ಆದರೂ ಹವ್ಯಾಸ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಗೂಡಿನ ಮಾರ್ಕೆಟ್ಟಿನ ವಿಷಯ ಆಗ ನನಗೆ ಹೊಳೆದಿರಲಿಲ್ಲ. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಲೊಟಲೊಟ ಅನ್ನುತ್ತದೋ ಕರಗಿ ಅಂಟಿಕೊಂಡಿದೆಯೋ ಎಂದು ತಿಳಿದೇ ಅಲ್ಲವೇ ನೀವು ಹರಾಜಿನಲ್ಲಿ ಬೆಲೆ ಕೂಗುತ್ತಿದ್ದದ್ದು? ಜಬ್ಬಾರ್ ಭಾಯ್ ಅಲ್ಲಾಡಿಸಿದ ಗೂಡಿನ ರಾಶಿಗೆ ಬೇರೆಯವರು ಕಣ್ಣುಮುಚ್ಚಿ ಕೂಗುತ್ತಿದ್ದರಂತೆ. ಅಂಥವರು, ಕಿವಿ ಹೋಗಿದೆ, ಇನ್ನು ಮೋಸ ಹೋಗುತ್ತೇನೆ ಎಂದು ಆ ಕೆಲಸವನ್ನೂ ಸಲೀಮನಿಗೆ ಬಿಟ್ಟುಕೊಟ್ಟಿರಿ. ಮನೆಯ ಯಜಮಾನಿಕೆ ಅದರ ಹಿಂದೆಯೇ ಹೋಯಿತು. ಮನೆಯಲ್ಲಿ ನಿಮ್ಮೊಡನೆ ಎಲ್ಲರೂ ಜೋರಾಗಿ ಮಾತಾಡತೊಡಗಿದರು — ಚೆನ್ನಾಗಿ ಕೇಳಿಸುವವರೊಡನೆ. ಹಾಗೆ ಕೂಗುವಾಗ ಒಮ್ಮೆ ನಾನೂ ಅಲ್ಲಿದ್ದೆ, ಟೀ ಕುಡಿಯುತ್ತಿದ್ದೆ.

ಕಳೆದ ತಿಂಗಳು ನೀವು ಅಂಗಡಿಗೆ ಬಂದಿರಿ. ಯಾವುದೋ ಶಿಬಿರದಲ್ಲಿ ಡಾಕ್ಟರು ಕಿವಿ ಪರೀಕ್ಷೆ ಮಾಡಿ, ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವುದೇ ಅಪರೂಪ ಎಂದರಂತೆ. ಸಿಕ್ಕಿಬಿದ್ದೆ ಎಂದುಕೊಂಡೆ — ಸಿಕ್ಕಿಬಿದ್ದರೆ ಸಾಕು ಎಂದೂ ಒಂದು ಕ್ಷಣ ಅನಿಸಿತು. ನೀವು ನಕ್ಕಿರಿ.

"ಕಿವಿ ಸರ್ಯಾಗೈತಂತೆ ಸಿವಣ್ಣ. ಅಂದ್ರೆ ಅವತ್ತು ಕೆಟ್ಟಿದ್ದು ನನ್ನ ಕೈ."

ನನ್ನ ಮೇಲೆ ಅನುಮಾನ ಪಡಲು ಆಗಲೂ ನಿಮಗೆ ಬರಲಿಲ್ಲ. ನಾನು — ನಾನು ಆಗಲೂ ಹೌದು ಭಾಯ್ ಎಂದು ತಲೆ ಆಡಿಸಿದೆ. ಇಪ್ಪತ್ತು ವರ್ಷದ ಹಿಂದಿನದಕ್ಕೆ ಹೆದರಿಕೆಯ ನೆಪವಾದರೂ ಇತ್ತು. ಇದಕ್ಕೆ ಯಾವ ನೆಪವೂ ಇಲ್ಲ.

ಇಷ್ಟು ಬರೆದಮೇಲೆ ಇನ್ನೊಂದು ಗೊತ್ತಾಗುತ್ತಿದೆ. ನಿಮಗೆ ಕನ್ನಡ ಓದಲು ಬಾರದು. ಅದಕ್ಕೇ ಇರಬೇಕು ನನಗೆ ಬರೆಯಲು ಇಷ್ಟು ಧೈರ್ಯ. ಇದೂ ಒಂದು ಬಗೆಯ ಬಚ್ಚಿಟ್ಟುಕೊಳ್ಳುವುದೇ.

ಶುಕ್ರವಾರ ನಮಾಜು ಮುಗಿಸಿ ಎಲ್ಲರೂ ಊಟಕ್ಕೆ ಮನೆಯಲ್ಲಿರುತ್ತೀರಿ. ಆಗ ಬರುತ್ತೇನೆ. ನಿಮ್ಮೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳುವುದಿಲ್ಲ. ಸಲೀಮನೂ ಕೂತಿರಲಿ, ಅವನ ಹೆಂಡತಿ ಮಕ್ಕಳೂ ಇರಲಿ. ನೀವು ಕಿವುಡರೆಂದು ನಾನು ನಂಬಿಸಿದ್ದು ಅವರನ್ನೆಲ್ಲ. ಅದು ಸುಳ್ಳೆಂದು ಹೇಳಬೇಕಾದದ್ದೂ ಅವರೆಲ್ಲರ ಮುಂದೆಯೇ.