ಮುಂಜಾನೆಯ ಯಮನ್

ಹುಬ್ಬಳ್ಳಿಯಲ್ಲಿ ನನ್ನ ಹೆಂಡತಿ ಶಾಂತಾಳ ಬೈಪಾಸ್ ಆಪರೇಷನ್ ಆಗಿ ಐದನೇ ವಾರವಿರಬೇಕು. ಆರನೆಯದೂ ಇರಬಹುದು. ಧಾರವಾಡದ ಸಪ್ತಾಪುರದ ನಮ್ಮ ಮನೆಗೆ ಸಂಗೀತ ಪಾಠಕ್ಕೆ ಬಂದ ತನ್ನ ಶಿಷ್ಯೆಯರನ್ನು ಆಕೆ ಅವತ್ತು ತಿರುಗಿಯೂ ನೋಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದಣಿವು ಅಂದುಕೊಂಡೆ.

ಮರುದಿನ ರೊಟ್ಟಿ ಮುಟ್ಟಲಿಲ್ಲ.

ಅದರ ಮರುದಿನ ಮಾತೂ ನಿಂತಿತು.

ಎದೆಯ ಹೊಲಿಗೆ ಒಣಗಿತ್ತು. ಇಸಿಜಿ, ಎಕೊ ಎರಡೂ ಸರಿಯಿದ್ದವು. ತೂಕ ಮಾತ್ರ ಇಳಿಯುತ್ತಲೇ ಇತ್ತು. ಡಾಕ್ಟರು ರಿಪೋರ್ಟ್‌ಗಳನ್ನು ಬದಿಗಿಟ್ಟರು.

"ಹಾರ್ಟ್ ಛಲೋ ಅದ ಸರ್. ಇದು ಡಿಪ್ರೆಶನ್. ಹಿಂಗ ಉಣ್ಲಾರದ ಇದ್ರ ಮತ್ತ ಅಡ್ಮಿಟ್ ಮಾಡಿ ಮೂಗಿನಾಗ ನಳಿಗಿ ಹಾಕಬೇಕಾಗ್ತದ."

ಮಾತ್ರೆ ಬರೆದರು. ಅದು ಕೆಲಸ ಮಾಡಲು ವಾರಗಳು ಬೇಕು, ಅಲ್ಲಿಯವರೆಗೆ ಅವರಿಗೆ ಇಷ್ಟವಾದ ಹಾಡು ಕೇಳಿಸಿ ಎಂದರು. ನಾನು ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದವನು. ಮಾತ್ರೆ ಅರ್ಥವಾಯಿತು, ಹಾಡು ಅರ್ಥವಾಗಲಿಲ್ಲ. ಗುಣವಾದರೆ ಅದು ಮಾತ್ರೆಯಿಂದಲೋ ಹಾಡಿನಿಂದಲೋ ತಿಳಿಯುವುದು ಹೇಗೆಂದು ಕೇಳಿದೆ. ಅವರು ನಕ್ಕು ಮುಂದಿನ ಪೇಶಂಟನ್ನು ಕರೆದರು.

ಆದರೂ ಯಾವ ಹಾಡಿಗೆ ಎಷ್ಟು ಉಂಡಳೆಂದು ಬರೆದಿಡಲು ಒಂದು ನೋಟ್‌ಬುಕ್ ತಂದೆ. ಇತ್ತೀಚೆಗೆ ನನಗೆ ನೆನಪು ನಿಲ್ಲುತ್ತಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನಡೆಯದ್ದೂ ನಡೆದಂತೆ ನೆನಪಾಗುತ್ತದೆ. ಸಿನಿಮಾ ಹಾಡು, ವಚನ, ಕೊಳಲು ಒಂದೊಂದಾಗಿ ಹಚ್ಚಿ ನೋಡಿದೆ. ಪುಟದ ತುಂಬ ಒಂದೇ ಸಾಲು: ಎರಡು ತುತ್ತು, ಮಾತಿಲ್ಲ.

ಒಂದು ಮುಂಜಾನೆ ಉಪ್ಪಿಟ್ಟು ಆರುತ್ತಿತ್ತು. ಮೊಬೈಲಿನಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದೆ. ರಾಗ ಯಮನ್ ಎಂದು ಬರೆದಿತ್ತು. ನನ್ನ ಕಿವಿಗೆ ಎಲ್ಲ ರಾಗವೂ ಒಂದೇ. ಇಷ್ಟು ವರ್ಷ ಆಕೆಯ ಹಾಡನ್ನು ಪಕ್ಕದ ಕೋಣೆಯಿಂದ ಕುಕ್ಕರಿನ ಸೀಟಿ ಕೇಳಿದ ಹಾಗೆ ಕೇಳಿದವನು ನಾನು.

ಶಾಂತಾ ಗೋಡೆಯಿಂದ ಈಚೆ ತಿರುಗಿದಳು.

"ಮುಂಜಾನೆ ಎಂಟಕ್ಕ ಯಮನ್ ಹಚ್ಚೀರಲ್ರೀ. ಧಾರವಾಡದಾಗ ಹುಟ್ಟಿ ಬೆಳದು ಇಷ್ಟೂ ತಿಳೀವಲ್ದ ನಿಮಗ?"

ಯಮನ್ ಸಂಜೆಯ ರಾಗವಂತೆ. ಕಲಿತವರು ಅದನ್ನು ಬೆಳಿಗ್ಗೆ ಮುಟ್ಟುವುದಿಲ್ಲವಂತೆ. ಇದನ್ನು ನನಗೆ ತಿಳಿಸಿ ಹೇಳಲು ಆಕೆ ಎದ್ದು ಕೂತಳು. ಕೈ ಆಡಿಸುತ್ತ ಹೇಳಿದಳು. ನಡುನಡುವೆ, ತನಗೇ ಗೊತ್ತಿಲ್ಲದಂತೆ, ಅರ್ಧ ತಟ್ಟೆ ಉಪ್ಪಿಟ್ಟು ತಿಂದಳು.

ಆ ದಿನದ್ದನ್ನೇ ಬರೆಯಲು ಮರೆತೆ. ಈಗ ಕೇಳಿದರೆ, ತಾನು "ಬಂದ್ ಮಾಡ್ರಿ" ಅಂದದ್ದಷ್ಟೇ, ಉಳಿದದ್ದು ನಾನು ಕಟ್ಟಿದ್ದು ಎನ್ನುತ್ತಾಳೆ. ಇರಬಹುದು. ಆದರೆ ಆ ತಟ್ಟೆ ತೊಳೆದವನು ನಾನು.

ಮರುದಿನ ಮುಂಜಾನೆ ಬೇಕಂತಲೇ ಇನ್ನೊಂದು ಸಂಜೆಯ ರಾಗವನ್ನು ಮೊಬೈಲಿನಲ್ಲಿ ಹುಡುಕಿ ಹಚ್ಚಿದೆ. ಬೈದಳು, ಉಂಡಳು. ಸಂಜೆಗೆ ಬೆಳಗಿನ ರಾಗ. ಇನ್ನಷ್ಟು ಬೈದಳು. ಆಕೆಯನ್ನು ಎಬ್ಬಿಸುತ್ತಿದ್ದುದು ಸಂಗೀತವೋ, ನನ್ನ ಮೇಲಿನ ಸಿಟ್ಟೋ, ಅಷ್ಟರಲ್ಲಿ ಕೆಲಸ ಶುರುಮಾಡಿದ್ದ ಮಾತ್ರೆಯೋ, ಬೇರ್ಪಡಿಸಿ ನೋಡುವ ದಾರಿ ನನ್ನಲ್ಲಿರಲಿಲ್ಲ. ನಾಲ್ಕೈದು ದಿನದ ಮೇಲೆ ತಟ್ಟೆಯನ್ನು ತಾನೇ ಎಳೆದುಕೊಂಡು ಹೇಳಿದಳು:

"ಬೇಕಂತ ತಪ್ಪ ಹಚ್ಚತೀರಿ, ಗೊತ್ತದ ನನಗ. ನಾನೂ ಬೇಕಂತನ ಬೈಯಾಕತ್ತೇನಿ."

ಇಬ್ಬರೂ ನಕ್ಕೆವು. ಆಕೆ ಎದೆ ಹಿಡಿದುಕೊಂಡು, ಹೊಲಿಗೆಗೆ ಹೆದರಿ, ಮೆಲ್ಲಗೆ.

ನಳಿಗೆ ಹಾಕುವ ಪ್ರಸಂಗ ಬರಲಿಲ್ಲ. ಮಾತ್ರೆ ಇನ್ನೂ ಇದೆ. ಕೆಲವು ದಿನ ಮುಖ ಮತ್ತೆ ಗೋಡೆಯ ಕಡೆಗೇ. ಹೋದ ವಾರ ಅಂಥದೊಂದು ದಿನ. ಸರಿಯಾದ ರಾಗಕ್ಕೂ ಏಳಲಿಲ್ಲ, ತಪ್ಪಾದದ್ದಕ್ಕೂ ಏಳಲಿಲ್ಲ. ಮೊಬೈಲ್ ಬಂದ್ ಮಾಡಿ ಆಕೆಯ ಕಾಲ ಹತ್ತಿರ ಕೂತೆ. ಬಹಳ ಹೊತ್ತಾದ ಮೇಲೆ, ತಿರುಗದೆಯೇ, ಏನಾದರೂ ಹಚ್ಚಿರಿ ಅಂದಳು. ಯಾವುದು ಎಂದು ಕೇಳಿದೆ.

"ನಿಮಗ ತಿಳಿದದ್ದು ಹಚ್ರಿ. ತಪ್ಪಿದ್ರೂ ಇವತ್ತ ಏನೂ ಅನ್ನಂಗಿಲ್ಲ."

ಹಚ್ಚಿದೆ. ಯಾವ ರಾಗವೋ, ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಶೇಂಗಾ ಚಟ್ನಿ ಹಾಕಿಸಿಕೊಂಡು ಅರ್ಧ ರೊಟ್ಟಿ ತಿಂದಳು.