ಹಸೈನಾರನ ಸರ್ವಿಸ್ ಕಾರ್ಡು

ಜನರ ಮೇಲೆ ಹಸೈನಾರನಿಗೆ ಹೇಸಿಗೆ ಹುಟ್ಟಿದ್ದು ಬ್ಯಾಟರಿಗಳಿಂದ. ಸೌದಿಯ ದಮಾಮಿನಲ್ಲಿ ಒಂಬತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು ಕಾಪುವಿಗೆ ಮರಳಿದ ಮೇಲೆ ಅವನು ಹಿಡಿದದ್ದು ಒಂದೇ ಕೆಲಸ: ಸಣ್ಣ ಅಂಗಡಿಗಳ ಮಾಡಿನ ಮೇಲೆ ಸೋಲಾರ್ ಕೂರಿಸುವುದು, ಆಮೇಲೆ ಮೂರು ತಿಂಗಳಿಗೊಮ್ಮೆ ಹೋಗಿ ಬ್ಯಾಟರಿ ನೋಡಿ ಬರುವುದು. ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಕಣ್ಣಿಗೆ ಕಾಣುವ ಊರಿನಲ್ಲೂ ಒಂದು ಗಾಳಿಮಳೆ ಬಂದರೆ ಕರೆಂಟು ಹೋಗುತ್ತದೆ. ಹಾಗಾಗಿ ಅವನಿಗೆ ಕೆಲಸಕ್ಕೆ ಬರವಿರಲಿಲ್ಲ.

ಬರವಿದ್ದದ್ದು ಮನುಷ್ಯರ ಬುದ್ಧಿಗೆ. ಮಣಿಪಾಲದ ಜೆರಾಕ್ಸ್ ಅಂಗಡಿಯವನು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರಿನ ಬದಲು ನಳ್ಳಿ ನೀರು ಸುರಿದಿರುತ್ತಾನೆ. ಕಾರ್ಕಳದ ಬೇಕರಿಯವರು ಪ್ಯಾನೆಲ್ ಮೇಲೆ ಹಲಸಿನ ಹಪ್ಪಳ ಒಣಗಿಸುತ್ತಾರೆ. ಕಾಪುವಿನ ಸರಸಳಂತೂ ಒಣಮೀನನ್ನೇ ಹರಡಿದ್ದಳು. ಕಾಗೆಗಳು ಮೀನು ತಿಂದು ಅಲ್ಲೇ ಹಿಕ್ಕೆ ಹಾಕಿ, ಪ್ಯಾನೆಲ್ ಸುಣ್ಣ ಬಳಿದ ಗೋಡೆಯಾಗಿತ್ತು. ಅದನ್ನು ಕೆರೆದು ತೆಗೆಯುತ್ತಿದ್ದಾಗ ಸರಸ ಕೆಳಗಿನಿಂದ, "ಸೋಲಾರ್ ಎಂತದೂ ಪ್ರಯೋಜನ ಇಲ್ಲ ಮಾರಾಯ್ರೆ" ಎಂದು ಕೂಗಿದ್ದಳು. ಹಸೈನಾರ್ ತುಟಿ ಬಿಗಿದು ಕೆರೆಯುತ್ತಲೇ ಇದ್ದ. ಬಾಯಿ ತೆರೆದರೆ ಹಿಕ್ಕೆಯ ಪುಡಿ ಒಳಗೆ ಹೋಗುತ್ತಿತ್ತು.

ಇಷ್ಟು ಗಲೀಜಿನ ನಡುವೆ ತಾನೊಬ್ಬ ಚೊಕ್ಕ ಮನುಷ್ಯ ಎಂಬುದು ಅವನ ನಂಬಿಕೆ. ಪ್ರತಿ ಅಂಗಡಿಯ ಬ್ಯಾಟರಿಯ ಪಕ್ಕ ಅವನದ್ದೊಂದು ಸರ್ವಿಸ್ ಕಾರ್ಡು ತೂಗುತ್ತದೆ. ಅದರಲ್ಲಿ ತಾರೀಕು, ಸಹಿ, ದುಂಡಗಿನ ಅಕ್ಷರದಲ್ಲಿ ಮೂರೇ ಪದ: ಎಲ್ಲ ಸರಿ ಉಂಟು.

ಮನೆಯಲ್ಲಿ ಮಾತ್ರ ಯಾವುದೂ ಸರಿ ಇರಲಿಲ್ಲ. ಹೆಂಡತಿ ಸಾರಮ್ಮನಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಂಡರೂ ಒಂದೂವರೆ ವರ್ಷದಿಂದ ಸಕ್ಕರೆ ಇಳಿಯುವ ಮಾತೇ ಇಲ್ಲ. ಎಡಗಾಲಿನ ಕಿರುಬೆರಳಿಗೆ ಚಪ್ಪಲಿ ತಾಗಿ ಆದ ಗಾಯ ಮಾಯಲಿಲ್ಲ, ಕಪ್ಪಾಗತೊಡಗಿತು. ಹಸೈನಾರನಿಗೆ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಇವಳು ಕದ್ದು ತಿನ್ನುತ್ತಾಳೆ.

ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ. ಖರ್ಜೂರ ಎಣಿಸಿಟ್ಟ. ಕೆಲಸದಿಂದ ಬಂದವನೇ ಅವಳ ಕೈ ಹಿಡಿದು ಬೆರಳು ಮೂಸಿ ನೋಡುತ್ತಿದ್ದ. ಅರುವತ್ತರ ಹತ್ತಿರ ಬಂದ ಹೆಂಗಸು, ಮೊಮ್ಮಕ್ಕಳಿರುವವಳು, ಗೋಡೆ ನೋಡುತ್ತ ಕೈ ಕೊಟ್ಟು ನಿಲ್ಲುತ್ತಿದ್ದಳು. "ಅಲ್ಲಾಹನಾಣೆ, ನಾನು ಎಂತದೂ ತಿಂದಿಲ್ಲ" ಎಂದರೆ, "ಸುಳ್ಳಿಗೆ ಬೇರೆ ಆಣೆ" ಎನ್ನುತ್ತಿದ್ದ. ಅವಳ ತಂಗಿಯ ಮಗಳ ಮದುವೆಯಲ್ಲಿ, ಯಾರೋ ಒತ್ತಾಯದಿಂದ ಕೈಗಿಟ್ಟ ಪಾಯಸದ ಗ್ಲಾಸನ್ನು ಎಲ್ಲರೆದುರು ಕಿತ್ತುಕೊಂಡು, "ಇವಳ ನಾಲಗೆಗೇ ಇವಳ ಕಾಲು ಬಲಿ" ಎಂದುಬಿಟ್ಟ. ಅಂದಿನಿಂದ ಸಾರಮ್ಮ ಯಾವ ಮದುವೆಗೂ ಹೋಗಲಿಲ್ಲ.

ಕೊನೆಗೆ ಮಣಿಪಾಲದ ಡಾಕ್ಟರು ಗಾಯ ನೋಡಿದವರು ಸುತ್ತು ಬಳಸದೆ ಹೇಳಿದರು, "ಹದಿನೈದು ದಿವಸದಲ್ಲಿ ಶುಗರ್ ಇಳಿಯದಿದ್ದರೆ ಬೆರಳು ತೆಗೀಬೇಕಾಗ್ತದೆ. ಇನ್ಸುಲಿನ್ ಎಲ್ಲಿಂದ ತರ್ತೀರಿ? ಅಲ್ಲಿ ಫ್ರಿಜ್ ಸರಿ ಉಂಟಾ? ಬಿಸಿಯಾದರೆ ಅದು ಕೆಡ್ತದೆ."

ಹಸೈನಾರ್ ಎದೆ ಸೆಟೆಸಿದ. "ನಮ್ಮೂರ ಗುಣಪಾಲರ ಮೆಡಿಕಲ್‌ನಿಂದ. ಆ ಫ್ರಿಜ್‌ಗೆ ಸೋಲಾರ್ ಹಾಕಿದ್ದೇ ನಾನು ಡಾಕ್ಟ್ರೆ. ಅದರಲ್ಲಿ ಎರಡು ಮಾತಿಲ್ಲ. ಇವಳ ಬಾಯಿಯನ್ನು ಕೇಳಿ."

ಡಾಕ್ಟರು ಸಾರಮ್ಮನ ಬಾಯಿಯನ್ನು ಕೇಳಲಿಲ್ಲ. ಅಲ್ಲಿಯದೇ ಔಷಧದಂಗಡಿಯಿಂದ ಹೊಸ ಬಾಟಲಿ ಬರೆದುಕೊಟ್ಟು, ಅಷ್ಟೇ ಪ್ರಮಾಣ ಚುಚ್ಚಿಕೊಳ್ಳಲು ಹೇಳಿದರು. ನಾಲ್ಕನೆಯ ದಿನ ಸಕ್ಕರೆ ಅರ್ಧಕ್ಕರ್ಧ ಇಳಿಯಿತು. ತಿಂದದ್ದು ಅದೇ ಗಂಜಿ, ಅದೇ ಪುಂಡಿ, ಅದೇ ಮೀನು ಸಾರು.

ಹಸೈನಾರ್ ಹಳೆಯ ಬಾಟಲಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಗುಣಪಾಲನ ಮೆಡಿಕಲ್ ಎದುರು ನಿಂತ. ಶಟರ್ ಮುಚ್ಚಿತ್ತು. ಮೇಲಿನ ದೊಡ್ಡ ಬೋರ್ಡು ಮಾತ್ರ ಆ ಹೊತ್ತಿನಲ್ಲೂ ಹಸಿರಾಗಿ ಝಗಝಗ ಉರಿಯುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಅವನಿಗೆ ಎಲ್ಲ ನೆನಪಾಯಿತು.

ಊರಿನ ಅಂಗಡಿಯವರೆಲ್ಲ ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಇಳಿಸಿ ಹೋಗುತ್ತಾರೆ. ಶಾರ್ಟ್ ಆಗಿ ಬೆಂಕಿ ಹತ್ತೀತೆಂಬ ಹೆದರಿಕೆ. ಇದು ಗೊತ್ತಿದ್ದೇ ಹಸೈನಾರ್ ಮೊದಲಿಗೆ ಫ್ರಿಜ್ಜನ್ನು ಸೋಲಾರಿನ ಲೈನಿಗೆ ಕೊಟ್ಟಿದ್ದ. ಮೇನ್ ಇಳಿಸಿದರೂ ಅದೊಂದು ಓಡುತ್ತಿರಲಿ ಎಂದು. ಎರಡು ವರ್ಷದ ಹಿಂದೆ ಗುಣಪಾಲ, "ಹೈವೇಯಿಂದ ಕಾಣುವ ಹಾಗೆ ಬೋರ್ಡು ರಾತ್ರಿಯಿಡೀ ಉರಿಯಬೇಕು" ಎಂದಿದ್ದ. ಎರಡನ್ನೂ ಎಳೆಯುವ ತಾಕತ್ತು ಬ್ಯಾಟರಿಗಿರಲಿಲ್ಲ. "ಹಾಗಾದರೆ ಫ್ರಿಜ್ಜನ್ನು ಮಾಮೂಲಿ ಕರೆಂಟಿನ ಲೈನಿಗೆ ಹಾಕಿ" ಎಂದ ಗುಣಪಾಲ. ಹಸೈನಾರನಿಗೆ ಆ ದಿನ ಕಾರ್ಕಳಕ್ಕೆ ಹೋಗುವ ಅವಸರ. ಕಾಲು ಗಂಟೆಯಲ್ಲಿ ವಯರ್ ಬದಲಿಸಿ ಹೋಗಿದ್ದ. ರಾತ್ರಿ ಮೇನ್ ಇಳಿಸಬೇಡಿ ಎಂದು ಹೇಳಬೇಕಿತ್ತು. ಹೇಳಿರಲಿಲ್ಲ.

ಗುಣಪಾಲ ಬಂದು ಶಟರ್ ಎತ್ತಿದ, ದೇವರ ಪಟಕ್ಕೆ ಕೈ ಮುಗಿದ, ಮೇನ್ ಸ್ವಿಚ್ ಮೇಲೆತ್ತಿದ. ಮೂಲೆಯ ಫ್ರಿಜ್ ಒಮ್ಮೆ ಮೈ ಕೊಡವಿ ಗುರ್ರೆಂದು ಶುರುವಾಯಿತು.

ಹಸೈನಾರ್ ಅದರ ಬಾಗಿಲು ತೆರೆದು ಕೈಯಿಟ್ಟ. ಒಳಗೆಲ್ಲ ಉಗುರು ಬೆಚ್ಚಗೆ. ಇನ್ಸುಲಿನ್ ಪೆಟ್ಟಿಗೆಗಳು ಬೆವೆತು ಮೆತ್ತಗಾಗಿದ್ದವು. ಪಕ್ಕದಲ್ಲಿ ಗುಣಪಾಲನ ಮಜ್ಜಿಗೆ ಬಾಟಲಿಯೊಂದು ಹುಳಿ ವಾಸನೆ ಬೀರುತ್ತಿತ್ತು.

"ಇದು ಪ್ರತಿ ರಾತ್ರಿ ಬಂದ್ ಇರ್ತದಾ?"

"ಬೆಳಗ್ಗೆ ಹಾಕಿದ ಕೂಡಲೇ ತಣ್ಣಗಾಗ್ತದಲ್ವಾ ಹಸೈನಾರ್ ಕಾಕ, ಎಂತ ಆಗ್ತದೆ ಅದಕ್ಕೆ?"

"ಇದೆಲ್ಲ ಬಿಸಾಡಬೇಕು. ತೆಗೊಂಡು ಹೋದವರಿಗೆಲ್ಲ ಹೇಳಬೇಕು."

ಗುಣಪಾಲ ನಕ್ಕ. "ನಿಮಗೆ ಎಂತ ಮರ್ಲಾ, ತಲೆ ಸರಿ ಉಂಟಾ? ಬೇಕಾದರೆ ಇವತ್ತೇ ವಯರ್ ಸರಿ ಮಾಡಿ ಕೊಡಿ. ಸ್ಟಾಕ್ ಹಾಗೇ ಇರ್ಲಿ. ಮತ್ತೆ, ಬದಲಿಸಿದ್ದು ಯಾರು? ನೀವೇ ಅಲ್ವಾ? ಆಮೇಲೆ ಒಂದು ದಿವಸ ಆದರೂ ಹೇಳಿದ್ದೀರಾ?"

ಅವನು ಬ್ಯಾಟರಿಯ ಕಡೆ ಬೆರಳು ತೋರಿಸಿದ. ಕಾರ್ಡು ತೂಗುತ್ತಿತ್ತು. ವಯರ್ ಬದಲಿಸಿದ ಮೇಲೆ ಎಂಟು ತಾರೀಕು, ಎಂಟು ಸಹಿ. ಎಂಟು ಸಲವೂ ಹಸೈನಾರ್ ನೀರು ನೋಡಿದ್ದ, ಪ್ಯಾನೆಲ್ ಒರೆಸಿದ್ದ, ಎರಡು ಮಾರು ದೂರದ ಫ್ರಿಜ್ಜಿನತ್ತ ತಲೆ ತಿರುಗಿಸಿರಲಿಲ್ಲ. ಎಲ್ಲ ಸರಿ ಉಂಟು. ಎಲ್ಲ ಸರಿ ಉಂಟು. ಆ ದುಂಡಗಿನ ಅಕ್ಷರ ನೋಡಿ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ನಳ್ಳಿ ನೀರಿನವನೂ ಮೀನಿನ ಸರಸಳೂ ತಮ್ಮ ತಮ್ಮ ಸೋಲಾರನ್ನಷ್ಟೇ ಕೆಡಿಸಿದ್ದರು.

ಅವನು ಪೆಟ್ಟಿಗೆಗಳನ್ನೆಲ್ಲ ಬಾಚಿ ನೆಲಕ್ಕೆ ಹಾಕಿ ಒಂದೊಂದಾಗಿ ಬೂಟಿನ ಹಿಮ್ಮಡಿಯಲ್ಲಿ ತುಳಿದ. ಗಾಜು ಪಟಪಟನೆ ಒಡೆಯಿತು. ಗುಣಪಾಲ ಬೊಬ್ಬೆ ಹೊಡೆದದ್ದಕ್ಕೆ ಮಂದಿ ಕೂಡಿದರು. ಕೂಡಲಿ ಎಂದೇ ಅವನು ನಿಂತಿದ್ದ. ಇಲ್ಲಿಂದ ಇನ್ಸುಲಿನ್ ಕೊಂಡವರು ಬಳಸಬೇಡಿ, ಕೆಟ್ಟಿದೆ, ಕೆಡಿಸಿದ್ದರಲ್ಲಿ ನಾನೂ ಒಬ್ಬ ಎಂದು ಜೋರಾಗಿ ಹೇಳಿದ. ಆಮೇಲೆ ಕಾರ್ಡು ಕಿತ್ತುಕೊಂಡು ಮನೆಗೆ ಬಂದ.

ಸಾರಮ್ಮ ಜಗಲಿಯಲ್ಲಿ ಕಾಲು ಚಾಚಿ ಗಾಯದ ಪಟ್ಟಿ ಬದಲಿಸುತ್ತಿದ್ದಳು. ಅವನು ಕಾರ್ಡನ್ನು ಅವಳ ಮುಂದಿಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದ. ಅವಸರದಲ್ಲಿದ್ದೆ ಎಂಬ ಮಾತನ್ನು ಮಾತ್ರ ಬಿಟ್ಟ. ಅದನ್ನು ಹೇಳಲು ಅವನಿಗೇ ನಾಚಿಕೆಯಾಯಿತು.

ಅವಳು ಪಟ್ಟಿ ಕಟ್ಟಿ ಮುಗಿಸಿದಳು. ಕಾರ್ಡನ್ನು ಮುಟ್ಟಲಿಲ್ಲ.

"ತಂಗಿಯ ಮನೆಗೆ ಹೋಗಿ ಇದನ್ನೇ ಹೇಳಿ" ಎಂದಳು. "ಅವತ್ತು ಮದುವೆಯಲ್ಲಿ ಎಷ್ಟು ಜನ ಇದ್ದರೋ ಅಷ್ಟೂ ಜನರ ಹತ್ತಿರ ಹೇಳಿ."

"ಹೇಳ್ತೇನೆ. ಈಗಲೇ ಹೋಗ್ತೇನೆ."

"ಹೋಗುವ ಮೊದಲು ಇಲ್ಲಿ ಬನ್ನಿ."

ಅವಳು ಬಲಗೈಯನ್ನು ಅವನ ಮೂಗಿನ ಮುಂದೆ ಚಾಚಿದಳು. ಈ ಸಲ ಗೋಡೆ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

"ಮೂಸಿ. ಎಂತ ವಾಸನೆ ಬರ್ತದೆ, ಹೇಳಿ."

ಅವನು ಬಗ್ಗಿ ಮೂಸಿದ. ಮುಲಾಮಿನದ್ದಿತ್ತು, ಅದರಡಿಯಲ್ಲಿ ಕೊಳೆತ ಗಾಯದ್ದಿತ್ತು. ಬೇರೆ ಏನೂ ಇರಲಿಲ್ಲ.